ಬಚ್ಚಲ ಒಲೆಯಿಂದ ಅಡುಗೆ ಅನಿಲದವರೆಗೆ: ಲಾಯಿಲ ಪರಿಸರದ ಅಡಿಕೆ ಕೃಷಿಕರ ಮನೆಗಳಲ್ಲಿ ಇಂಧನ ವೆಚ್ಚದ ಇಳಿಕೆ

ಶೀತ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವುದೆಂದರೆ ಕೋಣೆಗಳನ್ನು ಬೆಚ್ಚಗಿಡುವುದು. ಬೆಳ್ತಂಗಡಿ ಪಟ್ಟಣಕ್ಕೆ ಹೊಂದಿಕೊಂಡಿರುವ ಲಾಯಿಲದಲ್ಲಿ ಆ ಅಗತ್ಯವಿಲ್ಲ. ಇಲ್ಲಿ ಮನೆಯ ಶಾಖವೆಂದರೆ ಮೂರು ಸಂಗತಿಗಳು: ಮೀಯುವ ನೀರು, ಅಡುಗೆ, ಹಾಗೂ ಮಳೆಗಾಲದಲ್ಲಿ ಒಣಗದೆ ಉಳಿಯುವ ವಸ್ತುಗಳ ಒಣಗಿಸುವಿಕೆ. ಈ ಮೂರಕ್ಕೂ ತಗಲುವ ವೆಚ್ಚವನ್ನು ಕೃಷಿಕರು ಸಾಮಾನ್ಯವಾಗಿ ತೋಟದ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ಗೊಬ್ಬರ, ಬೋರ್ಡೋ ದ್ರಾವಣದ ಸಾಮಗ್ರಿ ಮತ್ತು ಕೊಯ್ಲಿನ ಕೂಲಿ ಪುಸ್ತಕದಲ್ಲಿರುತ್ತವೆ. ಸೌದೆ ಒಡೆಸಿದ ಕೂಲಿ, ವರ್ಷದ ಸಿಲಿಂಡರುಗಳು, ಗೀಸರಿನ ವಿದ್ಯುತ್ತು ಇರುವುದಿಲ್ಲ. ಕೊಳೆರೋಗ, ಎಲೆ ಚುಕ್ಕಿ ರೋಗ ಮತ್ತು ಹಳದಿ ಎಲೆ ರೋಗಗಳಿಂದ ಅಡಿಕೆಯ ಆದಾಯ ಅನಿಶ್ಚಿತವಾಗಿರುವ ಈ ವರ್ಷಗಳಲ್ಲಿ, ಪುಸ್ತಕದ ಹೊರಗಿರುವ ಈ ವೆಚ್ಚವನ್ನು ಒಮ್ಮೆ ಕೂಲಂಕಷವಾಗಿ ನೋಡುವುದು ಅವಶ್ಯಕ.

ಈ ಲೇಖನವನ್ನು ಲಾಯಿಲ ಮತ್ತು ಅದರ ಸುತ್ತಲಿನ ಗ್ರಾಮಗಳನ್ನು ಮನಸ್ಸಿನಲ್ಲಿಟ್ಟು ಬರೆಯಲಾಗಿದೆ. ಸುಮಾರು 4000 ಮಿ.ಮೀ. ವಾರ್ಷಿಕ ಮಳೆ ಬೀಳುವ, ಕೆಂಪುಕಲ್ಲಿನ ಮಣ್ಣಿನ, ಅಡಿಕೆ–ತೆಂಗು–ರಬ್ಬರ್ ಬೆಳೆಯುವ ದಕ್ಷಿಣ ಕನ್ನಡದ ಉಳಿದ ಪ್ರದೇಶಗಳಿಗೂ ಇದು ಅನ್ವಯಿಸುತ್ತದೆ.

ಶಾಖದ ಲೆಕ್ಕ

ಯಾವ ಇಂಧನ ಅಗ್ಗವೆಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಎಷ್ಟು ಶಾಖ ಬೇಕೆಂಬುದನ್ನು ತಿಳಿಯಬೇಕು. ಐದು ಜನರ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಲಾ 20 ಲೀಟರಿನಂತೆ ದಿನಕ್ಕೆ 100 ಲೀಟರ್ ಬಿಸಿನೀರು ಬೇಕು. ಬಾವಿಯ ನೀರು 26 ಡಿಗ್ರಿ ಸೆಲ್ಸಿಯಸ್ ಇದ್ದು ಅದನ್ನು 42 ಡಿಗ್ರಿಗೆ ಏರಿಸಬೇಕೆಂದರೆ, ನೀರಿಗೆ ಸೇರಬೇಕಾದ ಶಾಖ 1600 ಕಿಲೋ ಕ್ಯಾಲೊರಿ. ಇಂಧನ ಯಾವುದೇ ಇರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಬದಲಾಗುವುದು ಉರಿಸಿದ ಇಂಧನದ ಎಷ್ಟು ಭಾಗ ನೀರಿಗೆ ತಲುಪುತ್ತದೆ ಎಂಬುದು ಮಾತ್ರ.

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3400 ಕಿಲೋ ಕ್ಯಾಲೊರಿ ಶಾಖವಿದೆ. ಮೂರು ಕಲ್ಲಿನ ಮೇಲೆ ಹಂಡೆಯಿಟ್ಟ ತೆರೆದ ಒಲೆಯಲ್ಲಿ ಇದರ ಹತ್ತನೆಯ ಒಂದು ಭಾಗ ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಗೋಡೆಗೆ, ಹೊಗೆಗೆ, ಗಾಳಿಗೆ. ಹೀಗಾಗಿ ದಿನಕ್ಕೆ 4.7 ಕಿಲೋ, ತಿಂಗಳಿಗೆ ಸುಮಾರು 140 ಕಿಲೋ ಸೌದೆ ಬೇಕು. ಅದೇ ಸೌದೆಯ ಶೇ 30ರಷ್ಟು ಶಾಖ ನೀರಿಗೆ ಸೇರುವಂತೆ ಒಲೆಯನ್ನು ಕಟ್ಟಿದರೆ ದಿನಕ್ಕೆ 1.6 ಕಿಲೋ, ತಿಂಗಳಿಗೆ 47 ಕಿಲೋ ಸಾಕು. ವ್ಯತ್ಯಾಸ ವರ್ಷಕ್ಕೆ ಒಂದು ಟನ್ನಿಗೂ ಹೆಚ್ಚು.

ಅಡುಗೆ ಅನಿಲದ ಒಲೆಯ ಮೇಲೆ ಇದೇ ನೀರನ್ನು ಕಾಯಿಸಿದರೆ ದಿನಕ್ಕೆ ಸುಮಾರು 240 ಗ್ರಾಂ ಅನಿಲ ಖರ್ಚಾಗುತ್ತದೆ. ತಿಂಗಳಿಗೆ 7.3 ಕಿಲೋ, ಅಂದರೆ 14.2 ಕಿಲೋದ ಸಿಲಿಂಡರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸಿಲಿಂಡರಿಗೆ 870 ರೂ. ಎಂದು ಹಿಡಿದರೆ ಸುಮಾರು 450 ರೂ. ಆಗುತ್ತದೆ. ವಿದ್ಯುತ್ ಗೀಸರಿಗೆ, ತೊಟ್ಟಿಯ ನಷ್ಟವನ್ನೂ ಸೇರಿಸಿ, ದಿನಕ್ಕೆ 2.1 ಯೂನಿಟ್, ತಿಂಗಳಿಗೆ 63 ಯೂನಿಟ್. ಯೂನಿಟ್ಟಿಗೆ 6.50 ರೂ. ಎಂದು ಹಿಡಿದರೆ ಸುಮಾರು 410 ರೂ. ಓದುಗರು ತಮ್ಮ ಊರಿನ ಇಂದಿನ ದರವನ್ನು ಹಾಕಿ ಲೆಕ್ಕವನ್ನು ತಿದ್ದಿಕೊಳ್ಳಬೇಕು.

ಈಗ ಸೌದೆಯನ್ನು ಕೊಂಡು ತರುವ ಮನೆಯ ಲೆಕ್ಕ ನೋಡಿ. ಸಾಗಾಟ ಮತ್ತು ಒಡೆಯುವ ಕೂಲಿ ಸೇರಿ ಕಿಲೋಗೆ 3 ರೂ. ಬಿದ್ದರೂ ತೆರೆದ ಒಲೆಯಲ್ಲಿ ತಿಂಗಳ ವೆಚ್ಚ 420 ರೂ. ದಾಟುತ್ತದೆ, 5 ರೂ. ಬಿದ್ದರೆ 700 ರೂ. ಅಂದರೆ ಕಿಲೋಗೆ 5 ರೂ. ಕೊಟ್ಟು ಕೊಂಡ ಸೌದೆಯನ್ನು ತೆರೆದ ಒಲೆಯಲ್ಲಿ ಉರಿಸುವುದು ಅಡುಗೆ ಅನಿಲಕ್ಕಿಂತಲೂ ದುಬಾರಿ. "ಸೌದೆಯಲ್ಲವೇ, ಅಗ್ಗ" ಎಂಬ ನಂಬಿಕೆ ಸ್ವಂತ ತೋಟದ ಸೌದೆಗೆ ಮಾತ್ರ ಸಲ್ಲುತ್ತದೆ. ಅದೂ ಒಡೆಯುವ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಸುಧಾರಿತ ಒಲೆಯಲ್ಲಿ ಕಿಲೋಗೆ 5 ರೂ. ಕೊಟ್ಟರೂ ತಿಂಗಳ ವೆಚ್ಚ 235 ರೂ. ಮೀರುವುದಿಲ್ಲ. ಆದುದರಿಂದ ಇಂಧನವನ್ನು ಬದಲಾಯಿಸುವ ಮೊದಲು ಒಲೆಯನ್ನು ಬದಲಾಯಿಸಬೇಕು ಎಂಬುದು ನನ್ನ ಮೊದಲ ಸಲಹೆ.

ಬಚ್ಚಲ ಒಲೆಯನ್ನು ತಿದ್ದುವ ಕ್ರಮ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ "ಅಸ್ತ್ರ" ಕೇಂದ್ರವು ರೂಪಿಸಿದ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಅಸ್ತ್ರ ಒಲೆಯೆಂದೇ ಹೆಸರಾಯಿತು. ಅದರ ಹಿಂದಿನ ತತ್ವಗಳು ಸರಳವಾಗಿವೆ. ಬಚ್ಚಲುಕೊಟ್ಟಿಗೆಯ ಹಂಡೆಗೂ ಅವನ್ನು ಅನ್ವಯಿಸಬಹುದು. ಊರಿನ ಗಾರೆ ಕೆಲಸದವರು ಒಂದೆರಡು ದಿನಗಳಲ್ಲಿ ಕಟ್ಟಬಹುದಾದ ಕೆಲಸವಿದು.

ಮೊದಲನೆಯದು ಗಾಳಿ. ಬೂದಿಯ ಮೇಲೆಯೇ ಸೌದೆಯಿಟ್ಟರೆ ಗಾಳಿ ಮೇಲಿನಿಂದ ಬಂದು ಉರಿಯನ್ನು ತಣಿಸುತ್ತದೆ. ಕಬ್ಬಿಣದ ಸಳಿಗಳ ಜಾಲರಿಯನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಕೂರಿಸಿ, ಅದರ ಕೆಳಗೆ ಬೂದಿಗುಂಡಿ ಬಿಟ್ಟರೆ ಗಾಳಿ ಕೆಳಗಿನಿಂದ ಏರಿ ಸೌದೆಯ ನಡುವೆ ಹಾಯುತ್ತದೆ. ಹೊಗೆಯ ಬಹುಪಾಲು ಅಲ್ಲಿಯೇ ಉರಿದುಹೋಗುತ್ತದೆ. ಸೌದೆ ಹಾಕುವ ಬಾಯಿ ದೊಡ್ಡದಿರಬಾರದು. ಒಂದು ಮಾರು ಉದ್ದದ ಕುಂಟೆಯನ್ನು ನೂಕಿ ಮರೆತುಬಿಡುವ ಅನುಕೂಲಕ್ಕಾಗಿ ನಮ್ಮ ಒಲೆಗಳ ಬಾಯಿ ಅಗಲವಾಗಿವೆ. ಆ ಅಗಲದಿಂದ ಒಳಗೆ ನುಗ್ಗುವ ತಣ್ಣನೆಯ ಗಾಳಿಯೇ ಸೌದೆಯ ದೊಡ್ಡ ಶತ್ರು. ಸುಮಾರು 15 ಸೆಂ.ಮೀ. ಚದರದ ಬಾಯಿ ಸಾಕು. ಸೌದೆಯನ್ನು ಕೈಬೆರಳಿನಿಂದ ಮುಂಗೈ ದಪ್ಪಕ್ಕೆ ಸೀಳಿ, ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಎರಡನೆಯದು ಹಂಡೆಯ ಸುತ್ತಲಿನ ಜಾಗ. ಹಂಡೆಯ ತಳ ಜಾಲರಿಯಿಂದ 18–20 ಸೆಂ.ಮೀ. ಮೇಲಿರಲಿ. ಹಂಡೆಯ ಹೊಟ್ಟೆಗೂ ಗೋಡೆಗೂ ನಡುವೆ ಎರಡು ಸೆಂ.ಮೀ. ಅಂತರ ಬಿಟ್ಟು, ಕುತ್ತಿಗೆಯ ಬಳಿ ಮುಚ್ಚಿ, ಹಿಂಬದಿಯಲ್ಲಿ ಹೊಗೆಕೊಳವೆಗೆ ದಾರಿ ಮಾಡಬೇಕು. ಆಗ ಬಿಸಿ ಹೊಗೆ ಹಂಡೆಯ ಮೈಯನ್ನು ಸವರಿಕೊಂಡೇ ಹೊರಹೋಗುತ್ತದೆ. ಈ ಅಂತರ ನಾಲ್ಕೈದು ಸೆಂ.ಮೀ. ಆದರೆ ಹೊಗೆ ನಡುವಿನಲ್ಲಿಯೇ ಹಾದುಹೋಗಿ ಪ್ರಯೋಜನ ಕಡಿಮೆಯಾಗುತ್ತದೆ.

ಮೂರನೆಯದು ಗೋಡೆ. ಕೆಂಪುಕಲ್ಲಿನ ದಪ್ಪ ಗೋಡೆ ತಾನೇ ಕಾಯಲು ಬಹಳ ಶಾಖವನ್ನು ಹೀರಿಕೊಳ್ಳುತ್ತದೆ. ಒಳಮೈಗೆ ಜೇಡಿಮಣ್ಣು, ಭತ್ತದ ಉಮಿ ಮತ್ತು ಸೆಗಣಿಯ ಮಿಶ್ರಣವನ್ನು ಮೂರು ಬೆರಳು ದಪ್ಪಕ್ಕೆ ಮೆತ್ತಬೇಕು. ಉಮಿ ಸುಟ್ಟುಹೋದ ಮೇಲೆ ಉಳಿಯುವ ಸಣ್ಣ ರಂಧ್ರಗಳು ಶಾಖವನ್ನು ತಡೆಯುತ್ತವೆ. ಇದಕ್ಕೆ ಸಿಮೆಂಟ್ ಬಳಸಬಾರದು, ಬಿರುಕು ಬಿಡುತ್ತದೆ.

ಹೊಗೆಕೊಳವೆ ಹತ್ತು ಸೆಂ.ಮೀ. ವ್ಯಾಸದ್ದಿರಲಿ, ಮಾಡಿನ ಮೇಲಕ್ಕೆ ಕನಿಷ್ಠ ಎರಡು ಅಡಿ ಏರಿರಲಿ, ತುದಿಗೆ ಮಳೆಟೋಪಿ ಇರಲಿ. ಹಂಚಿನ ಮಾಡಿನ ಮನೆಗಳಲ್ಲಿ ಕೊಳವೆ ಹಾಯುವ ಕಡೆ ಸೋರಿಕೆಯ ಭಯದಿಂದ ಅನೇಕರು ಅದನ್ನು ಗೋಡೆಯಿಂದಲೇ ಅಡ್ಡ ಹೊರಡಿಸುತ್ತಾರೆ. ಹಾಗೆ ಮಾಡಿದರೆ ಆಟಿ ತಿಂಗಳ ಗಾಳಿಗೆ ಹೊಗೆ ತಿರುಗಿ ಒಳಕ್ಕೇ ಬರುತ್ತದೆ. ತಿಂಗಳಿಗೊಮ್ಮೆ ಕೊಳವೆಯನ್ನು ತಟ್ಟಿ ಮಸಿ ಉದುರಿಸಬೇಕು. ಹಂಡೆಯ ಹೊರಮೈಯ ದಪ್ಪ ಮಸಿಯನ್ನೂ ಕೆರೆದು ತೆಗೆಯಬೇಕು. ಮಸಿ ಶಾಖವನ್ನು ತಡೆಯುವ ಕಂಬಳಿಯಂತೆ ಕೆಲಸ ಮಾಡುತ್ತದೆ. ಹಂಡೆಗೆ ಮುಚ್ಚಳವಿರಲಿ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿರುವುದು ವಿಷಾದಕರ. ಹಿಂದೆ ಎಲ್ಲ ಮನೆಗಳಲ್ಲೂ ಮರದ ಮುಚ್ಚಳವಿತ್ತು. ಅದು ಒಡೆದ ಮೇಲೆ ಹೊಸದು ಮಾಡಿಸಿದವರು ಕಡಿಮೆ.

ಸೌದೆ ಒಣಗದಿದ್ದರೆ

ಹಸಿ ಸೌದೆ ಉರಿಸುವುದೆಂದರೆ ಸೌದೆಯೊಳಗಿನ ನೀರನ್ನು ಮೊದಲು ಕಾಯಿಸುವುದು. ಶೇ 20 ತೇವಾಂಶವಿರುವ ಒಂದು ಕಿಲೋ ಸೌದೆ ಸುಮಾರು 3400 ಕಿಲೋ ಕ್ಯಾಲೊರಿ ಕೊಟ್ಟರೆ, ಶೇ 40 ತೇವಾಂಶವಿರುವ ಒಂದು ಕಿಲೋ ಕೊಡುವುದು 2400 ಮಾತ್ರ. ಉರಿ ಸಹ ಮಂದವಾಗಿ ಹೊಗೆ ಹೆಚ್ಚುತ್ತದೆ. ಕಡಿದ ರಬ್ಬರ್ ಮರದ ಕೊಂಬೆಗಳನ್ನು ಮೇ ತಿಂಗಳಲ್ಲಿ ಕೊಂಡು ಜೂನಿನಲ್ಲಿ ಉರಿಸುವವರು ದುಡ್ಡಿನ ಮೂರನೆಯ ಒಂದು ಭಾಗವನ್ನು ನೀರಿಗೇ ಕೊಟ್ಟಂತಾಯಿತು.

ಪತ್ತನಾಜೆಯೊಳಗೆ ಸೌದೆ ಕೊಟ್ಟಿಗೆ ತುಂಬಿರಬೇಕೆಂಬ ಹಿರಿಯರ ಕ್ರಮ ಇಂದಿಗೂ ಸರಿಯಾದುದು. ಆದರೆ ತುಂಬುವ ದಿನ ಮುಖ್ಯವಲ್ಲ, ಸೀಳುವ ದಿನ ಮುಖ್ಯ. ಜನವರಿ–ಫೆಬ್ರವರಿಯಲ್ಲಿಯೇ ಸೀಳಿ, ಬಿಸಿಲಿನಲ್ಲಿ ಅಡ್ಡಾದಿಡ್ಡಿಯಾಗಿ ಪೇರಿಸಿ, ಮೇ ಮಧ್ಯದಲ್ಲಿ ಒಳಗೆ ಸೇರಿಸಬೇಕು. ನೆಲದಿಂದ ಒಂದು ಅಡಿ ಎತ್ತರದಲ್ಲಿ ಅಡಿಕೆ ಮರದ ಸಲಾಕೆಗಳ ಮೇಲೆ ಪೇರಿಸಿದರೆ ಗೆದ್ದಲಿನ ಉಪದ್ರವವೂ ಕಡಿಮೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಮುಂದಿನ ವಾರದ ಸೌದೆಯನ್ನು ಇಡುವ ಹಳೆಯ ಪದ್ಧತಿ ಒಳ್ಳೆಯದೇ. ಕೊಳವೆಯ ಬಿಸಿಯೇ ಅದನ್ನು ಒಣಗಿಸುತ್ತದೆ. ಅಟ್ಟ ಮತ್ತು ಕೊಳವೆಯ ನಡುವೆ ಒಂದು ಗೇಣು ಅಂತರವಿರಲಿ.

ಯಾವುದು ಒಲೆಗೆ, ಯಾವುದು ಮಣ್ಣಿಗೆ

ಕೃಷಿ ವಿಜ್ಞಾನಿಯಾಗಿ ನನಗೆ ಹೆಚ್ಚು ಚಿಂತೆ ತರುವ ಭಾಗವಿದು. ಇಂಧನದ ಬೆಲೆ ಏರಿದಾಗಲೆಲ್ಲ ತೋಟದ ತ್ಯಾಜ್ಯ ಒಲೆಯ ಕಡೆಗೆ ಹರಿಯುತ್ತದೆ. ಮಣ್ಣಿಗೆ ಸೇರಬೇಕಾದ ಸಾವಯವ ಅಂಶ ಬೂದಿಯಾಗುತ್ತದೆ. ಅತಿಹೆಚ್ಚು ಮಳೆ ಬೀಳುವ, ಹುಳಿ ಸ್ವಭಾವದ ಕೆಂಪುಕಲ್ಲಿನ ಮಣ್ಣಿನಲ್ಲಿ ಪೋಷಕಾಂಶವನ್ನು ಹಿಡಿದಿಡುವ ಶಕ್ತಿ ಬಹುಮಟ್ಟಿಗೆ ಸಾವಯವ ಅಂಶಕ್ಕೇ ಸೇರಿದ್ದು. ಸಿಲಿಂಡರಿನ ಖರ್ಚು ಉಳಿಸಿ ಗೊಬ್ಬರದ ಖರ್ಚು ಹೆಚ್ಚಿಸಿಕೊಂಡರೆ ಲಾಭವೇನೂ ಇಲ್ಲ.

2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಒಂದು ಮರ ವರ್ಷಕ್ಕೆ ಆರರ ಆಸುಪಾಸಿನಲ್ಲಿ ಸೋಗೆ ಉದುರಿಸಿದರೂ ಎಕರೆಗೆ ಮೂರು ಸಾವಿರ ಸೋಗೆ–ಹಾಳೆಗಳಾದವು. ಇವುಗಳಲ್ಲಿ ಸೋಗೆಯನ್ನು ಒಲೆಗೆ ತರಬೇಡಿ. ಅದು ಸರ್ರನೆ ಉರಿದು ಮುಗಿಯುತ್ತದೆ, ಶಾಖ ನಿಲ್ಲುವುದಿಲ್ಲ. ಆದರೆ ಕತ್ತರಿಸಿ ಮರದ ಬುಡಕ್ಕೆ ಮುಚ್ಚಿದರೆ ಬೇಸಿಗೆಯ ತೇವವನ್ನು ಕಾಯುತ್ತದೆ, ಎರೆಗೊಬ್ಬರಕ್ಕೂ ಒದಗುತ್ತದೆ. ಹಾಳೆಗೆ ತಟ್ಟೆ ಮಾಡುವವರಿಂದ ಬೆಲೆ ಬರುವ ಕಡೆಗಳಲ್ಲಿ ಅದನ್ನು ಉರಿಸುವುದು ನಷ್ಟ.

ಇದಕ್ಕೆ ಒಂದು ಅಪವಾದವುಂಟು. ಎಲೆ ಚುಕ್ಕಿ ರೋಗ ತೀವ್ರವಾಗಿರುವ ತೋಟಗಳಲ್ಲಿ ರೋಗಪೀಡಿತ ಸೋಗೆಗಳನ್ನು ತೆಗೆದು ಸುಡಬೇಕೆಂಬುದು ಶಿಫಾರಸು. ಆ ಸೋಗೆಗಳನ್ನು ತೋಟದಲ್ಲಿ ರಾಶಿ ಹಾಕಿ ಸುಡುವ ಬದಲು ಬಚ್ಚಲ ಒಲೆಯಲ್ಲಿ ಕಿಚ್ಚು ಹೊತ್ತಿಸಲು ಬಳಸಬಹುದು. ಆದರೆ ಒಣಗಲೆಂದು ತೋಟದ ಅಂಚಿನಲ್ಲಿ ವಾರಗಟ್ಟಲೆ ಬಿಡಬಾರದು. ಶಿಲೀಂಧ್ರದ ಬೀಜಕಣಗಳು ಮಳೆಹನಿಯೊಂದಿಗೆ ಹರಡುತ್ತವೆ. ತೆಗೆದ ದಿನವೇ ಕೊಟ್ಟಿಗೆಗೆ ಸೇರಿಸಬೇಕು. ಎಲ್ಲ ಸೋಗೆಗಳನ್ನು ಒಲೆಯಲ್ಲಿ ಮುಗಿಸಲು ಸಾಧ್ಯವಾಗದಿದ್ದರೆ ಉಳಿದವನ್ನು ಸುಟ್ಟುಬಿಡುವುದೇ ಸರಿ. ರೋಗದ ಹತೋಟಿಗಿಂತ ಇಂಧನದ ಉಳಿತಾಯ ದೊಡ್ಡದಲ್ಲ.

ಅಡಿಕೆ ಸಿಪ್ಪೆಯ ವಿಷಯ ಬೇರೆ. ಚಾಲಿ ಸುಲಿದಾಗ ಸಿಗುವ ಒಣ ಸಿಪ್ಪೆ ನಾರು ಹೆಚ್ಚಿರುವ, ಮಣ್ಣಿನಲ್ಲಿ ನಿಧಾನವಾಗಿ ಕೊಳೆಯುವ ವಸ್ತು. ಅಂಗಳದ ಬಿಸಿಲಿನಲ್ಲಿ 35–40 ದಿನ ಒಣಗಿದ ಕಾಯಿಯ ಸಿಪ್ಪೆಯಲ್ಲಿ ತೇವಾಂಶ ಬಹಳ ಕಡಿಮೆ. ತೂಕಕ್ಕೆ ತೂಕ ನೋಡಿದರೆ ಸೌದೆಗೆ ಸರಿಸಮಾನವಾದ ಶಾಖ ಕೊಡುತ್ತದೆ. ಹಗುರವಾಗಿರುವುದರಿಂದ ಹೆಚ್ಚು ಜಾಗ ಹಿಡಿಯುತ್ತದೆ, ಒಟ್ಟಿಗೆ ಸುರಿದರೆ ಗಾಳಿಯಾಡದೆ ಹೊಗೆಯಾಡುತ್ತದೆ. ಜಾಲರಿಯ ಮೇಲೆ ಒಂದೆರಡು ಸೀಳು ಸೌದೆಯಿಟ್ಟು, ಅದರ ಮೇಲೆ ಹಿಡಿ ಹಿಡಿಯಾಗಿ ಸಿಪ್ಪೆ ಹಾಕುವುದು ಸರಿಯಾದ ಕ್ರಮ. ಸುಧಾರಿತ ಒಲೆಯಿದ್ದರೆ ಒಂದು ಮನೆಗೆ ವರ್ಷಕ್ಕೆ ಬೇಕಾದ ಒಟ್ಟು ಇಂಧನ ಆರು ಕ್ವಿಂಟಲಿನೊಳಗೆ. ಸುಲಿಯುವ ದಿನ ಒಂದು ಚೀಲ ಸಿಪ್ಪೆಯನ್ನು ತೂಗಿ, ಚೀಲಗಳನ್ನು ಎಣಿಸಿದರೆ ನಿಮ್ಮ ತೋಟದ ಸಿಪ್ಪೆ ಎಷ್ಟು ತಿಂಗಳಿಗೆ ಸಾಕೆಂಬುದು ಗೊತ್ತಾಗುತ್ತದೆ. ಉಳಿದ ಸಿಪ್ಪೆಯನ್ನು ಹಟ್ಟಿಯಲ್ಲಿ ಹಾಸಿ, ಗಂಜಲ ಕುಡಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ಬೇಗ ಕೊಳೆಯುತ್ತದೆ.

ತೆಂಗಿನ ಮರ ವರ್ಷಕ್ಕೆ ಸುಮಾರು 12 ಮಡಲು ಬೀಳಿಸುತ್ತದೆ. ಮಡಲಿನ ದಪ್ಪ ಬುಡ ಒಳ್ಳೆಯ ಸೌದೆ, ಗರಿಯ ಭಾಗ ಬುಡದ ಮುಚ್ಚಿಗೆಗೆ. ಗೆರಟೆ ಎಲ್ಲಕ್ಕಿಂತ ಹೆಚ್ಚು ಶಾಖ ಕೊಡುವ ಇಂಧನವಾದರೂ, ಇದ್ದಿಲು ತಯಾರಿಸುವವರು ಅದನ್ನು ಕೊಳ್ಳುತ್ತಾರೆ. ಅವರು ಕೊಡುವ ಬೆಲೆ ಸೌದೆಯ ಬೆಲೆಗಿಂತ ಹೆಚ್ಚಾಗಿದ್ದರೆ ಗೆರಟೆಯನ್ನು ಮಾರಿ ಸೌದೆ ಉರಿಸುವುದೇ ಜಾಣತನ.

ಒಲೆಯ ಬೂದಿಯ ಬಗ್ಗೆ ಎರಡು ಮಾತು. ಬೂದಿಯಲ್ಲಿ ಪೊಟ್ಯಾಷ್ ಇದೆ, ಹುಳಿ ಮಣ್ಣನ್ನು ಸ್ವಲ್ಪ ತಿದ್ದುವ ಗುಣವೂ ಇದೆ. ಆದರೆ "ಬೂದಿ ಹಾಕುತ್ತೇವೆ, ಪೊಟ್ಯಾಷ್ ಬೇಡ" ಎನ್ನುವವರು ಲೆಕ್ಕ ನೋಡಬೇಕು. ತಿಂಗಳಿಗೆ 140 ಕಿಲೋ ಸೌದೆ ಉರಿಸುವ ಮನೆಯಲ್ಲಿಯೂ ವರ್ಷಕ್ಕೆ ಸಿಗುವ ಬೂದಿ ಸುಮಾರು 30 ಕಿಲೋ. ಅದರಲ್ಲಿ ಶೇ 5ರಷ್ಟು ಪೊಟ್ಯಾಷ್ ಇದ್ದರೆ ಒಂದೂವರೆ ಕಿಲೋ. ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿನಂತೆ ಇದು ಸಾಕಾಗುವುದು ಹತ್ತು ಮರಗಳಿಗೆ. ಬೂದಿಯನ್ನು ಮಳೆಗೆ ನೆನೆಯದಂತೆ ಡಬ್ಬದಲ್ಲಿ ಸಂಗ್ರಹಿಸಿ, ತರಕಾರಿ ಸಾಲಿಗೂ ಬಾಳೆಗೂ ಕೊಡುವುದು ಉತ್ತಮ. ಯೂರಿಯಾದೊಂದಿಗೆ ಬೆರೆಸಬಾರದು, ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ.

ಗೋಬರ್ ಗ್ಯಾಸ್: ಹಟ್ಟಿಯನ್ನು ನೋಡಿ ಗಾತ್ರ ನಿರ್ಧರಿಸಿ

ಒಂದು ಘನ ಮೀಟರ್ ಗೋಬರ್ ಅನಿಲಕ್ಕೆ ಸುಮಾರು 25 ಕಿಲೋ ಸೆಗಣಿ ಬೇಕು, ಅದು 0.43 ಕಿಲೋ ಅಡುಗೆ ಅನಿಲಕ್ಕೆ ಸಮ. ಹಟ್ಟಿಯಲ್ಲಿ ಕಟ್ಟಿ ಸಾಕುವ ಎರಡು ಮಿಶ್ರತಳಿ ಹಸುಗಳಿದ್ದರೆ ದಿನಕ್ಕೆ ಇಷ್ಟು ಸೆಗಣಿ ಸಿಗುತ್ತದೆ. ತಿಂಗಳಿಗೆ ಸುಮಾರು 13 ಕಿಲೋ, ಒಂದು ಸಿಲಿಂಡರಿಗೆ ಸ್ವಲ್ಪ ಕಡಿಮೆ. ಮೇಯಲು ಹೊರಗೆ ಹೋಗುವ ಮಲೆನಾಡು ಗಿಡ್ಡ ತಳಿಯ ಹಸುವಿನಿಂದ ರಾತ್ರಿ ಹಟ್ಟಿಯಲ್ಲಿ ಸಿಗುವುದು ಮೂರು–ನಾಲ್ಕು ಕಿಲೋ ಮಾತ್ರ. ಐದು ಜನರ ಅಡುಗೆಗೇ ದಿನಕ್ಕೆ 1.2ರಿಂದ 1.5 ಘನ ಮೀಟರ್ ಬೇಕಾಗುವುದರಿಂದ, ಎರಡು ಹಸುಗಳ ಅನಿಲದಿಂದ ಅಡುಗೆಯ ಬಹುಪಾಲು ಆಗುತ್ತದೆ, ಮೀಯುವ ನೀರಿಗೆ ಉಳಿಯುವುದಿಲ್ಲ. ಅದಕ್ಕೆ ಬಚ್ಚಲ ಒಲೆಯೇ ಇರಲಿ.

ಘಟಕ ನಿಷ್ಪ್ರಯೋಜಕವಾಗಲು ಸಾಮಾನ್ಯ ಕಾರಣ ಅತಿ ದೊಡ್ಡ ಗಾತ್ರ. ನಮ್ಮ ಮನೆಯಲ್ಲಿಯೇ ಎಂಟು ದನಗಳಿದ್ದ ಕಾಲದಲ್ಲಿ ನಾಲ್ಕು ಘನ ಮೀಟರಿನ ಘಟಕ ಕಟ್ಟಿಸಿದ್ದೆವು. ಮೇಯಿಸುವವರಿಲ್ಲದೆ ದನಗಳು ಎರಡಕ್ಕಿಳಿದಾಗ ಅಷ್ಟು ದೊಡ್ಡ ಗುಂಡಿಯಲ್ಲಿ ಅನಿಲದ ಒತ್ತಡವೇ ಏಳಲಿಲ್ಲ. ಎರಡು ವರ್ಷ ಬಿಟ್ಟ ಮೇಲೆ ಗುಮ್ಮಟ ಬಿರುಕು ಬಿಟ್ಟಿತು. ಇಂದಿನ ಹಟ್ಟಿಯನ್ನಲ್ಲ, ಐದು ವರ್ಷಗಳ ಬಳಿಕ ಹಟ್ಟಿಯಲ್ಲಿ ಖಚಿತವಾಗಿ ಉಳಿಯುವ ದನಗಳನ್ನು ಎಣಿಸಿ ಗಾತ್ರ ನಿರ್ಧರಿಸಬೇಕು. ಸಂದೇಹವಿದ್ದರೆ ಚಿಕ್ಕದನ್ನೇ ಆರಿಸಿಕೊಳ್ಳಿ.

ನಮ್ಮ ಕರಾವಳಿಯ ಹವೆ ಅನಿಲೋತ್ಪತ್ತಿಗೆ ವರ್ಷವಿಡೀ ಅನುಕೂಲ. ತೊಂದರೆ ಬರುವುದು ಮಳೆನೀರಿನಿಂದ. ಹಟ್ಟಿಯ ಮಾಡಿನ ನೀರು ಒಳಹರಿವಿನ ತೊಟ್ಟಿಗೆ ಬಿದ್ದರೆ ಸ್ಲರಿ ತೆಳ್ಳಗಾಗಿ ಅನಿಲ ಕುಗ್ಗುತ್ತದೆ. ಸೆಗಣಿಗೆ ಸಮಪ್ರಮಾಣದ ನೀರು ಸಾಕು. ಹಟ್ಟಿ ತೊಳೆದ ನೀರನ್ನೆಲ್ಲ ಬಿಡಬಾರದು. ಹೊರಬರುವ ಸ್ಲರಿಯನ್ನು ಮಳೆಗಾಲದಲ್ಲಿ ತೋಡಿಗೆ ಹರಿಯಬಿಡದೆ ತರಗೆಲೆ ಅಥವಾ ಅಡಿಕೆ ಸಿಪ್ಪೆ ತುಂಬಿದ ಗುಂಡಿಗೆ ಹಾಯಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಸಹಾಯಧನ ಆಯಾ ವರ್ಷದ ಗುರಿಯನ್ನು ಅವಲಂಬಿಸಿದೆ. ಗ್ರಾಮ ಪಂಚಾಯತ್ ಹಾಗೂ ತಾಲ್ಲೂಕು ಪಂಚಾಯತ್ ಕಚೇರಿಯಲ್ಲಿ ವಿಚಾರಿಸಿ, ಮಂಜೂರಾತಿ ಕೈಗೆ ಬಂದ ಮೇಲೆಯೇ ಗುಂಡಿ ತೋಡಬೇಕು.

ವಿದ್ಯುತ್ತು, ಗೃಹಜ್ಯೋತಿ ಮತ್ತು ಸೌರ ಜಲತಾಪಕ

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 2022–23ರ ಮಾಸಿಕ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಮಿತಿಯನ್ನು ನಿಗದಿಪಡಿಸಲಾಯಿತು. ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ಕೊಡಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲು. "ಕರೆಂಟು ಉಚಿತವಲ್ಲವೇ" ಎಂದು ಹೊಸದಾಗಿ ಗೀಸರ್ ಹಾಕಿಸುವವರು ಇದನ್ನು ಅರಿತಿರಬೇಕು. ಸರಾಸರಿ 70 ಯೂನಿಟ್ ಇದ್ದ ಮನೆಗೆ ಉಚಿತ ಮಿತಿ 77. ಗೀಸರಿನ 63 ಸೇರಿದರೆ ಬಳಕೆ 133, ಹಣ ಕೊಡಬೇಕಾದದ್ದು 56ಕ್ಕೆ. ಸರಾಸರಿ 150 ಇದ್ದ ಮನೆಯಲ್ಲಿ ಅದೇ ಗೀಸರ್ ಬಳಕೆಯನ್ನು 213ಕ್ಕೆ ಏರಿಸುತ್ತದೆ. ಆಗ ಇಡೀ 213 ಯೂನಿಟ್ಟಿಗೂ ಹಣ ಕೊಡಬೇಕು. ಗೀಸರನ್ನು ದಿನವಿಡೀ ಚಾಲೂ ಇಡುವ ಮನೆಗಳಲ್ಲಿ ತೊಟ್ಟಿ ತಣಿಯುವುದರಿಂದಲೇ ಮತ್ತಷ್ಟು ನಷ್ಟವಾಗುತ್ತದೆ. ಮೀಯುವ ಅರ್ಧ ಗಂಟೆ ಮೊದಲು ಹಾಕಿ, ಎಲ್ಲರೂ ಒಂದಾದ ಮೇಲೊಬ್ಬರು ಮಿಂದು ಮುಗಿಸಬೇಕು.

ಸೌರ ಜಲತಾಪಕವನ್ನು ನಮ್ಮ ತಾಲ್ಲೂಕಿಗೆ ಶಿಫಾರಸು ಮಾಡುವಾಗ ನಾನು ಸ್ವಲ್ಪ ತಡೆಯುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಸಿನೀರು ಅತ್ಯಗತ್ಯವಾದ ದಿನಗಳಲ್ಲಿಯೇ, ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಎರಡನೆಯದಾಗಿ, ನಮ್ಮ ಮನೆಗಳು ತೋಟದ ಮಧ್ಯೆಯೇ ಇವೆ. ತೆಂಗು–ಅಡಿಕೆಯ ನೆರಳು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮಾಡಿನ ಮೇಲೆ ಬೀಳುತ್ತಿದೆಯೇ ಎಂಬುದನ್ನು ಡಿಸೆಂಬರಿನಲ್ಲಿ, ಸೂರ್ಯ ದಕ್ಷಿಣಕ್ಕೆ ವಾಲಿದಾಗ, ನೋಡಿಯೇ ತೀರ್ಮಾನಿಸಬೇಕು. ಮೂರನೆಯದಾಗಿ, ಕೆಂಪುಕಲ್ಲಿನ ನೆಲದ ಬಾವಿನೀರು ಮೃದುವಾದರೂ ಅನೇಕ ಕಡೆ ಹುಳಿಯಾಗಿರುತ್ತದೆ. ಲೋಹದ ತೊಟ್ಟಿಯನ್ನು ಬೇಗ ತಿನ್ನುತ್ತದೆ. ನೀರಿನ ರಸಸಾರ ಪರೀಕ್ಷಿಸಿ, ಒಳಲೇಪನವಿರುವ ತೊಟ್ಟಿಯನ್ನೇ ಕೇಳಿ ಪಡೆಯಬೇಕು. ಬಯಲಿನ ನಡುವೆ, ಟೆರೇಸ್ ಇರುವ ಮನೆಗಳಿಗೆ 100 ಲೀಟರಿನ ತಾಪಕ ಎಂಟು ತಿಂಗಳು ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದ ನಾಲ್ಕು ತಿಂಗಳಿಗೆ ಹಂಡೆ ಬೇಕೇ ಬೇಕು. ಸೌರ ತಾಪಕ ಬಂದಿತೆಂದು ಬಚ್ಚಲ ಒಲೆಯನ್ನು ಕಿತ್ತುಹಾಕಿದವರು ಮೊದಲ ಆಟಿಯಲ್ಲಿಯೇ ಪಶ್ಚಾತ್ತಾಪಪಟ್ಟಿದ್ದಾರೆ.

ಕುಚ್ಚಲಕ್ಕಿ ಬೇಯಿಸುವ ಅನಿಲ

ಅಡುಗೆಮನೆಯಲ್ಲಿ ಅನಿಲ ಉಳಿಸುವ ಸಾಮಾನ್ಯ ಸಲಹೆಗಳನ್ನು ಇಲ್ಲಿ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಗೆ ವಿಶೇಷವಾದದ್ದು ಕುಚ್ಚಲಕ್ಕಿ. ತೆರೆದ ಪಾತ್ರೆಯಲ್ಲಿ ಅದು ಬೇಯಲು ಸುಮಾರು ಒಂದು ಗಂಟೆ ಬೇಕು. ಐದು ಲೀಟರ್ ನೀರನ್ನು ಕುದಿಗೆ ತರಲು 370 ಕಿಲೋ ಕ್ಯಾಲೊರಿ ಸಾಕು. ಆದರೆ ಕುದಿಯುತ್ತಿರುವಾಗ ಒಂದು ಲೀಟರ್ ನೀರು ಆವಿಯಾಗಿ ಹೋದರೆ 540 ಕಿಲೋ ಕ್ಯಾಲೊರಿ ಅದರೊಂದಿಗೆ ಹೋಯಿತು. ಅಕ್ಕಿ ಬೇಯಲು ಬೇಕಾದದ್ದು ಕುದಿಯ ಆಸುಪಾಸಿನ ಶಾಖ, ಆವಿಯಲ್ಲ.

ಆದುದರಿಂದ ಅಕ್ಕಿಯನ್ನು ಒಂದೆರಡು ಗಂಟೆ ನೆನೆಸಿ, ಮುಚ್ಚಿದ ಪಾತ್ರೆಯಲ್ಲಿ ಹತ್ತು–ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಹಾಗೆಯೇ ಶಾಖ ಹಿಡಿದಿಡುವ ಪೆಟ್ಟಿಗೆಗೆ ಇಳಿಸಬೇಕು. ಅಂಗಡಿಯ ಪೆಟ್ಟಿಗೆಯೇ ಆಗಬೇಕೆಂದಿಲ್ಲ. ದೊಡ್ಡ ಮರದ ಪೆಟ್ಟಿಗೆ ಅಥವಾ ಬುಟ್ಟಿಯಲ್ಲಿ ಸುತ್ತಲೂ ಒಂದು ಗೇಣು ದಪ್ಪಕ್ಕೆ ಬೈಹುಲ್ಲನ್ನು ಒತ್ತಿ ತುಂಬಿ, ಮೇಲೆ ಹತ್ತಿಯ ಗಾದಿ ಮುಚ್ಚಿದರೆ ಸಾಕು. ಒಂದೂವರೆ ಗಂಟೆಯಲ್ಲಿ ಅನ್ನ ಬೆಂದಿರುತ್ತದೆ, ತಳ ಹಿಡಿಯುವುದಿಲ್ಲ. ಕಡಲೆ, ಅಲಸಂಡೆ ಮುಂತಾದ ಕಾಳುಗಳಿಗೂ ಇದು ಸಲ್ಲುತ್ತದೆ. ಮಳೆಗಾಲದಲ್ಲಿ ಹುಲ್ಲು ತೇವ ಹಿಡಿಯುತ್ತದೆ, ವಾರಕ್ಕೊಮ್ಮೆ ಬದಲಾಯಿಸಬೇಕು.

ಬಾಣಂತಿ ಕೋಣೆ ಮತ್ತು ಮುಚ್ಚಿದ ಬಚ್ಚಲು

ನಮ್ಮ ಊರಿನಲ್ಲಿ ಕೋಣೆಯನ್ನೇ ಬಿಸಿ ಮಾಡುವ ಸಂದರ್ಭ ಒಂದೇ: ಬಾಣಂತಿ ಮತ್ತು ಕೂಸು ಇರುವ ಕೋಣೆ. ಮಳೆಗಾಲದ ಬಾಣಂತನದಲ್ಲಿ ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಅಥವಾ ಬಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹೊಗೆ ಬಾರದ ಕೆಂಡ ನಿರಪಾಯವೆಂಬ ಭಾವನೆ ತಪ್ಪು. ಉರಿಯದೆ ಕನಲುವ ಕೆಂಡದಿಂದಲೇ ಇಂಗಾಲದ ಮೊನಾಕ್ಸೈಡ್ ಹೆಚ್ಚು ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದು ಎಚ್ಚರವೇ ಆಗದೆ ಪ್ರಾಣಹಾನಿಯಾಗಬಹುದು. ಕೂಸಿಗೆ ಅಪಾಯ ಹೆಚ್ಚು. ಹಳೆಯ ಮನೆಗಳಲ್ಲಿ ಹಂಚಿನ ಸಂದಿಯಿಂದ ಗಾಳಿಯಾಡುತ್ತಿತ್ತು, ಇಂದಿನ ತಾರಸಿ ಕೋಣೆಗಳಲ್ಲಿ ಆ ರಕ್ಷಣೆಯೂ ಇಲ್ಲ. ಕೋಣೆಗೆ ಕೆಂಡ ತರಲೇಬಾರದು. ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಹಾಸಿಗೆಯನ್ನು ಬೆಚ್ಚಗೆ ಮಾಡಿ, ಕೂಸನ್ನು ಮಲಗಿಸುವ ಮೊದಲು ಚೀಲವನ್ನು ತೆಗೆಯಬೇಕು; ಕೂಸನ್ನು ತಾಯಿಯ ಮೈಗೆ ಒತ್ತಿ ಹೊದಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಅನಿಲದ ಗೀಸರಿಗೂ ಇದೇ ಎಚ್ಚರಿಕೆ. ಲೆಕ್ಕದಲ್ಲಿ ಅದು ಅಗ್ಗ: ನಮ್ಮ ಉದಾಹರಣೆಯ ಮನೆಗೆ ತಿಂಗಳಿಗೆ 5.5 ಕಿಲೋ ಅನಿಲ ಸಾಕು. ಆದರೆ ಮುಚ್ಚಿದ ಬಚ್ಚಲಿನೊಳಗೆ ಅದನ್ನು ಕೂರಿಸುವುದು ಪ್ರಾಣಾಪಾಯ. ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗೆ, ಗಾಳಿಯಾಡುವ ಜಗಲಿಯಲ್ಲಿರಬೇಕು. ಒಳಗೆ ಬರಬೇಕಾದದ್ದು ನೀರಿನ ಕೊಳವೆ ಮಾತ್ರ.

ವಿಸ್ತರಣಾ ಕಾರ್ಯಕರ್ತರಿಗೆ

ಒಲೆಯ ಪ್ರಾತ್ಯಕ್ಷಿಕೆ ಏರ್ಪಡಿಸುವ ಮೊದಲು ಮೂರು ಮನೆಗಳಲ್ಲಿ ಏಳು ದಿನಗಳ ತೂಕ ಬರೆಸಬೇಕು. ಬೆಳಗ್ಗೆ ಹತ್ತು ಕಿಲೋ ಸೌದೆಯನ್ನು ತೂಗಿ ಒಲೆಯ ಬಳಿ ಇಟ್ಟು, ಮರುದಿನ ಉಳಿದದ್ದನ್ನು ತೂಗಿದರೆ ಬಳಕೆ ತಿಳಿಯುತ್ತದೆ. ಅಡಿಕೆ ತೂಗುವ ತಕ್ಕಡಿಯೇ ಸಾಕು. ಎಷ್ಟು ಜನ ಮಿಂದರು, ಹಂಡೆ ಎಷ್ಟು ಸಲ ತುಂಬಿತು ಎಂಬುದನ್ನೂ ಗುರುತಿಸಬೇಕು. ಒಲೆ ತಿದ್ದಿದ ಮೇಲೆ ಅದೇ ಮನೆಗಳಲ್ಲಿ ಮತ್ತೆ ಏಳು ದಿನ. ಈ ಬರಹವನ್ನು ಆ ಮನೆಯ ಹೆಂಗಸರ ಕೈಯಿಂದಲೇ ಬರೆಸಿ. ಒಲೆಯ ಮುಂದೆ ಕೂರುವವರು ಅವರು, ಸೌದೆ ಹೊರುವವರೂ ಬಹುತೇಕ ಅವರೇ. ಗಂಡಸರನ್ನು ಕರೆದು ನಡೆಸಿದ ಒಲೆಯ ಪ್ರಾತ್ಯಕ್ಷಿಕೆಗಳಲ್ಲಿ ಒಲೆಯ ಬಾಯಿಯ ಎತ್ತರದ ಬಗ್ಗೆ ಒಂದು ಪ್ರಶ್ನೆಯೂ ಬರುವುದಿಲ್ಲ. ಹೆಂಗಸರಿದ್ದ ಕಡೆ ಬರುವ ಮೊದಲ ಪ್ರಶ್ನೆಯೇ ಅದು. ಬಾಗದೆ, ಚಿಕ್ಕ ಮಣೆಯ ಮೇಲೆ ಕುಳಿತು ಸೌದೆ ನೂಕುವಷ್ಟು ಎತ್ತರದಲ್ಲಿ ಬಾಯಿಯನ್ನು ಇಡಿಸಬೇಕು. ಕೆಲಸಕ್ಕೆ ಸೂಕ್ತ ಕಾಲ ಮಾರ್ಚ್–ಏಪ್ರಿಲ್. ಮಣ್ಣಿನ ಲೇಪ ಪೂರ್ಣ ಒಣಗಲು ಹದಿನೈದು ದಿನ ಬೇಕು, ಮಳೆ ಹಿಡಿದ ಮೇಲೆ ಅದು ಒಣಗುವುದಿಲ್ಲ.